ಎಡದಂಡೆಯ ಪದರಗಳು

ಜೀಪು ಒಂದೊಂದು ಗುಂಡಿಗೂ ಬಿದ್ದೇಳುತ್ತಿತ್ತು. ಮಾವ ಪಕ್ಕದ ಸೀಟಿನಲ್ಲಿ ಹಾಯಾಗಿ ಕೂತು, ಕಣ್ಣು ಕಾಣದಿದ್ದರೂ ದಾರಿ ಹೇಳುತ್ತಿದ್ದರು. "ಈಗ ತಿರುವು ಬರುತ್ತೆ ನೋಡು. ಬಲಗಡೆ ಮಣ್ಣಲ್ಲಿ ಕಾಗೆಬಂಗಾರ ಮಿನುಗ್ತಿರಬೇಕು." ಸೊಸೆ ಸ್ಟಿಯರಿಂಗ್ ಹಿಡಿದುಕೊಂಡು "ಹೂಂ ಮಾವ" ಅನ್ನುತ್ತಿದ್ದಳು. ಮಿನುಗುತ್ತಿತ್ತೋ ಇಲ್ಲವೋ, ನೋಡುವಷ್ಟು ಉತ್ಸಾಹ ಅವಳಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಿದ್ದೆ. ಒಂದು ರಾತ್ರಿಯ ನಿದ್ದೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ಮಾವನ ಕಣ್ಣಿಗೆ ಔಷಧಿ, ಆಮೇಲೆ ಅಡುಗೆ, ಆಮೇಲೆ ಭೂವಿಜ್ಞಾನ ಕಚೇರಿಯ ಕಡತಗಳು, ಸಂಜೆ ಬಂದರೆ ಮತ್ತೆ ಮಾವನಿಗೆ ಓದಿ ಹೇಳುವುದು. ಅವರ ಕಣ್ಣು ಮಂಜಾದಂದಿನಿಂದ ಅವರಿಗೆ ಅವಳೇ ಕಣ್ಣು. ಹೇಳಿಕೊಳ್ಳಲು ಹೆಮ್ಮೆಯ ಮಾತು. ಹೊತ್ತುಕೊಂಡು ತಿರುಗಿದವರನ್ನು ಕೇಳಿದರೆ ಭಾರ ಗೊತ್ತಾಗುತ್ತದೆ.

ಕಾಲೇಜಿನಲ್ಲಿ ಅವರು ಅವಳಿಗೆ ಮೇಷ್ಟ್ರು, ಅವರ ಮಗನನ್ನು ಕಟ್ಟಿಕೊಂಡ ಮೇಲೆ ಮಾವ. ಹೊರಗಿನವರಿಗೆಲ್ಲ ಬಂಡೆ ಸಾಹೇಬರು. ಆ ಹೆಸರು ಬಂದದ್ದು ಇದೇ ಕಣಿವೆಯಿಂದ.

ಕಣಿವೆ ಅಂದರೆ ದೊಡ್ಡದೇನಲ್ಲ. ಬೇಸಿಗೆಯಲ್ಲಿ ಹಾರಿ ದಾಟಬಹುದಾದ ಒಂದು ತೊರೆ, ಎರಡೂ ಕಡೆ ಕಾಡು. ಬಲದಂಡೆಯಲ್ಲಿ ಗಟ್ಟಿ ಬೆಣಚುಕಲ್ಲು, ಕಡಿದಾಗಿ ನಿಂತ ಗೋಡೆ. ಎಡದಂಡೆಯಲ್ಲಿ ತೆಳ್ಳಗೆ ಪದರ ಪದರವಾದ ಕಪ್ಪು ಕಲ್ಲು, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಕೊಳೆತ ಎಲೆ. ಮಾವ ಹರೆಯದಲ್ಲಿ ಇಲ್ಲೆಲ್ಲ ಕಾಲ್ನಡಿಗೆಯಲ್ಲಿ ಅಲೆದು ನಕ್ಷೆ ಬರೆದರು. ಎಡದಂಡೆಯಲ್ಲಿ ಕಲ್ಲು ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಕಡೆ. ತೊರೆಯ ಅಂಚಿನಲ್ಲಿ, ಎರಡು ಮಹಡಿ ಮನೆಯಷ್ಟು ಎತ್ತರದ ಬಂಡೆ. ಅದರ ಪದರಗಳು ಗುಡ್ಡದ ಒಳಮುಖವಾಗಿ ವಾಲಿದ್ದವು. ಹಾಗಾದರೆ ಗುಡ್ಡವೆಲ್ಲ ಒಳಕ್ಕೇ ವಾಲಿದೆ, ಗಟ್ಟಿಯಾಗಿದೆ, ಜಾರುವ ಭಯವಿಲ್ಲ ಎಂದು ಬರೆದರು. ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡಿದರು. ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ಸಾಹೇಬರ ಬಂಡೆ ತೋರಿಸುವುದು ಒಂದು ಪದ್ಧತಿಯೇ ಆಯಿತು.

ಈಗ ಕೆಳಗಿನ ಊರಿಗೆ ಕುಡಿಯುವ ನೀರು ಬೇಕು. ತೊರೆಗೆ ಅಡ್ಡಲಾಗಿ ಒಂದು ಒಡ್ಡು, ಅದರ ಎಡಗೈ ಸಾಹೇಬರ ಬಂಡೆಗೇ ಆತುಕೊಳ್ಳಬೇಕು. ಸಾಮಾನು ಸಾಗಿಸಲು ಗುಡ್ಡದ ಮೇಲ್ಗಡೆ ಹೊಸ ರಸ್ತೆ ಕಡಿದಿದ್ದರು. ಆ ಕಡಿತವನ್ನು ನೋಡಿ ಬರಲು ಕಚೇರಿ ಸೊಸೆಯನ್ನು ಕಳಿಸಿತ್ತು. ಅವಳು ಹಿಂದಿನ ವಾರ ಒಬ್ಬಳೇ ಬಂದು ನೋಡಿದಳು. ನೋಡಿ ಅಲ್ಲೇ ತಲೆ ಮೇಲೆ ಕೈ ಹೊತ್ತು ಕೂತಳು.

ಹೊಸ ಕಡಿತದಲ್ಲಿ ಪದರಗಳು ತೊರೆಯ ಕಡೆಗೇ ವಾಲಿದ್ದವು, ಓರೆ ಹಲಗೆಯ ಮೇಲೆ ಜೋಡಿಸಿಟ್ಟ ತಟ್ಟೆಗಳ ಹಾಗೆ. ಅದು ಕಂಡ ಮೇಲೆ ಮಿಕ್ಕದ್ದೂ ಒಂದೊಂದಾಗಿ ಕಂಡಿತು. ಮಣ್ಣು ಜಾರುವ ಕಡೆ ಆಗುವಂತೆ ಮರಗಳ ಬುಡ ಬಾಗಿತ್ತು. ಬಂಡೆಯ ಹಿಂದೆ ಉದ್ದಕ್ಕೂ ನೀರು ಒಸರುತ್ತಿತ್ತು. ತೊರೆ ನೆಟ್ಟಗೆ ಬಂದದ್ದು ಬಂಡೆಯ ಮುಂದೆ ಮಾತ್ರ ಬಲಕ್ಕೆ ಬಾಗಿ ಸುತ್ತಿಕೊಂಡು ಹೋಗುತ್ತಿತ್ತು. ಸಾಹೇಬರ ಬಂಡೆ ಅಲ್ಲೇ ಹುಟ್ಟಿದ ತಳಬಂಡೆಯಲ್ಲ. ಎಂದೋ ಗುಡ್ಡದ ಮೇಲಿಂದ ಇಡಿಯಾಗಿ ಜಾರಿ ಬಂದ ತುಂಡು, ಜಾರುವಾಗ ಹಿಂದಕ್ಕೆ ಒರಗಿಕೊಂಡದ್ದರಿಂದ ಅದರ ಪದರಗಳು ಮಾತ್ರ ಒಳಮುಖ. ಅಷ್ಟು ದೊಡ್ಡದು ಜಾರಿ ಬಂದಿರಬಹುದು ಎಂದು ಯಾರಿಗೆ ತಾನೆ ಹೊಳೆಯಬೇಕು? ಅದರ ಬುಡ ಅಗೆದರೆ ಹಿಂದಿನ ಗುಡ್ಡ ಮೈಮೇಲೆ ಬರುತ್ತದೆ. ಕೆಳಗೆ ಕೆಲಸಗಾರರ ತಗಡಿನ ಶೆಡ್ಡುಗಳು ಆಗಲೇ ಎದ್ದಿದ್ದವು, ಹಗ್ಗದ ಮೇಲೆ ಮಕ್ಕಳ ಬಟ್ಟೆ ಒಣಗುತ್ತಿದ್ದವು.

ವರದಿ ಬರೆಯುವುದು ಕಷ್ಟವಲ್ಲ, ಮಾವನಿಗೆ ಹೇಳುವುದು ಹೇಗೆ? ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ. ಗಂಡನನ್ನು ಕೇಳಿದಳು. ಅವನು ಯಾವ ಜಗಳದಲ್ಲೂ ಎರಡೂ ಕಡೆಗೆ ತಲೆಯಾಡಿಸುವ ಪ್ರಾಣಿ. "ಹೇಳ್ಬೇಡ ಬಿಡು," ಅಂದ. "ಅಪ್ಪ ವರದಿ ಓದ್ತಾರಾ? ಓದಿ ಹೇಳೋಳು ನೀನೇ ತಾನೆ?"

ಅಷ್ಟರಲ್ಲಿ ಹೊಸ ಕಡಿತದ ಸುದ್ದಿ ಮಾವನ ಕಿವಿಗೆ ಬಿದ್ದು ಮುದುಕರಿಗೆ ಕಾಲು ನಿಲ್ಲದಾಯಿತು. "ನನ್ನ ಕಾಲದಲ್ಲಿ ಆ ಗುಡ್ಡದ ಮೈಮೇಲೆ ಒಂದು ಗೀರೂ ಇರಲಿಲ್ಲ ಕಣಮ್ಮ. ಈಗ ಹಸೀ ಕಲ್ಲು ಸಿಕ್ಕಿದೆ. ಒಂದ್ಸಲ ಕರ್ಕೊಂಡ್ಹೋಗು."

ಹಾಗೆ ಹೊರಟದ್ದು ಈ ಸವಾರಿ.

ರಸ್ತೆ ಅಂಚಿನಲ್ಲಿ ಮಾವನನ್ನು ಇಳಿಸಿ, ಕೋಲು ಕೈಗೆ ಕೊಟ್ಟು ನಿಲ್ಲಿಸಿದಳು. ಕಡಿತಕ್ಕೆ ಹತ್ತಲು ಅವರ ಮಂಡಿ ಬಗ್ಗುವಂತಿರಲಿಲ್ಲ. ಅವಳು ನಾಲ್ಕು ಮಾರು ಹತ್ತಿ, ಸುತ್ತಿಗೆಯಿಂದ ಮಣ್ಣು ಕೆರೆದು, ಒಂದು ಪದರದ ಮೈ ಚೊಕ್ಕ ಮಾಡಿದಳು.

"ಸಿಕ್ತಾ?"

"ಸಿಕ್ತು ಮಾವ."

"ಕಂಪಾಸ್ ಆಮೇಲೆ. ಮೊದ್ಲು ನೀರು ಹಾಕು."

ಇದು ಅವರ ಪಾಠ. ಪದರದ ಮೈಮೇಲೆ ಬಾಟಲಿಯಿಂದ ನೀರು ಬಿಡಬೇಕು, ಅದು ಎತ್ತ ಹರಿಯುತ್ತದೋ ಕಲ್ಲು ಅತ್ತ ವಾಲಿದೆ ಅಂತ ಲೆಕ್ಕ. ಕಂಪಾಸು ನೋಡುವವರು ಅವಸರದಲ್ಲಿ ತಪ್ಪು ಓದಬಹುದು, ನೀರಿಗೆ ಯಾರ ಮುಲಾಜೂ ಇಲ್ಲ ಎಂದು ಅವರು ತರಗತಿಯಲ್ಲಿ ಎಷ್ಟು ಸಲ ಹೇಳುತ್ತಿದ್ದರೆಂದರೆ ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಸೊಸೆ ಬಾಟಲಿ ಬಗ್ಗಿಸಿದಳು. ನೀರು ಒಂದು ಕ್ಷಣವೂ ಅನುಮಾನ ಮಾಡದೆ ಅವಳ ಬೂಟಿನ ಮೇಲೆ, ತೊರೆಯ ಕಡೆಗೆ ಇಳಿಯಿತು.

ಕೆಳಗೆ ಮಾವ ಕೋಲಿನ ಮೇಲೆ ಎರಡೂ ಕೈ ಊರಿ, ಕತ್ತು ಓರೆ ಮಾಡಿ ಕಿವಿಗೊಟ್ಟು ನಿಂತಿದ್ದರು. ಫಲಿತಾಂಶದ ದಿನ ಕಾಲೇಜು ಗೇಟಿನ ಹೊರಗೆ ನಿಲ್ಲುವ ಹುಡುಗರ ಮುಖ ಹಾಗಿರುತ್ತದೆ.

"ಎತ್ತ ಹೋಯ್ತು?"

ಹೇಳಿದರೆ ಪ್ರಶ್ನೆ, ಪ್ರಶ್ನೆಗೆ ಉತ್ತರ, ಆಮೇಲೆ ಮೌನ, ಆ ಮೌನವನ್ನು ಹೊತ್ತುಕೊಂಡು ಇಷ್ಟು ದೂರ ಜೀಪು ಓಡಿಸಬೇಕು. ಅವಳ ಸೊಂಟ ನೋಯುತ್ತಿತ್ತು.

"ಗುಡ್ಡದೊಳಕ್ಕೆ ಮಾವ. ನೀವು ಬರೆದ ಹಾಗೇ."

ಮಾವನ ಮುಖ ಅರಳಿತು. "ಕಂಪಾಸ್ ಬೇಡ ಬಿಡು, ಬಾ. ನಿಂಗೂ ಸುಸ್ತಾಗಿದೆ, ದನೀಲೇ ಗೊತ್ತಾಗತ್ತೆ," ಅಂದರು. ಜೀಪಿನಲ್ಲಿ ಹಿಂತಿರುಗುವಾಗ ನಿದ್ದೆಹೋದರು. ಅವಳು ಕಚೇರಿಗೆ ಹೋಗಿ ನಿಜವಾದ ವರದಿ ಬರೆದು ಒಡ್ಡು ಕಟ್ಟಿಸುವ ಎಂಜಿನಿಯರರಿಗೆ ಕಳಿಸಿದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡಳು. ಪಾಪ, ಹಾಗೆ ಅಂದುಕೊಳ್ಳುವ ಹಕ್ಕು ದಣಿದವರಿಗೆ ಇರುತ್ತದೆ.

ಎರಡು ದಿನ ಕಳೆದು ಎಂಜಿನಿಯರರು ಕರೆಸಿದರು. ಮೇಜಿನ ತುಂಬ ಸುರುಳಿ ಸುತ್ತಿದ ನಕ್ಷೆಗಳು, ಕೆನೆಗಟ್ಟಿದ ಚಹಾ. ಅವರ ಮುಂದೆ ಅವಳ ವರದಿ ಬಿಚ್ಚಿಕೊಂಡಿತ್ತು.

"ಏನು ಮೇಡಂ ಇದು? ಮೊನ್ನೆ ನಿಮ್ಮ ಮಾವನೋರು ಫೋನ್ ಮಾಡಿದ್ರು. ಸೊಸೆ ನೀರು ಹಾಕಿ ನೋಡಿದ್ಲು, ಗುಡ್ಡದೊಳಕ್ಕೇ ಹೋಯ್ತು, ಧೈರ್ಯವಾಗಿ ಅಗೀರಿ ಅಂದ್ರು. ನಾನೂ ಅವರ ಕೈಲಿ ಕಲಿತೋನು. ಅವರು ಹೇಳಿದ್ಮೇಲೆ ಇನ್ನೇನು ಅಂತ ಬಂಡೆ ಬುಡಕ್ಕೆ ಯಂತ್ರ ಕಳಿಸಿದೀನಿ. ನಿಮ್ಮ ವರದಿ ಕೈಗೆ ಬಂದಿದ್ದು ಇವತ್ತು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಒಂದು ಮಾತು ಮನೆಯೊಳಗೆ ಕೂತಿರದೆ ಟೆಲಿಫೋನು ಹತ್ತಿ ಇಲ್ಲಿಗೂ ಬಂದು, ಯಂತ್ರದ ಬೆನ್ನೇರಿ ಕಣಿವೆಗೂ ಹೋಗಿತ್ತು.

"ನಿಲ್ಲಿಸಿ ಸಾರ್. ವರದೀಲಿ ಇರೋದೇ ನಿಜ."

"ಕಾಗದದಲ್ಲಿ ಒಂದು, ಬಾಯಲ್ಲಿ ಒಂದು. ನಿಮ್ಮ ಯಾವ ಮಾತು ಹಿಡ್ಕೊಳ್ಲಿ ನಾನು?"

"ಅವರಿಗೆ ನಾನು ಸುಳ್ಳು ಹೇಳ್ದೆ."

ಎಂಜಿನಿಯರರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ. "ಹಾಗಂತ ಮೇಲಿನವರಿಗೆ ಬರೆಯೋಕಾಗತ್ತಾ? ಅವರೆಲ್ಲ ನಂಬಿರೋದು ಬಂಡೆ ಸಾಹೇಬರ ನಕ್ಷೇನ. ಅವರೇ ಎರಡು ಸಾಲು ಬರೆದುಕೊಡ್ಲಿ, ಕೆಲಸ ಪೂರ್ತಿ ನಿಲ್ಲಿಸ್ತೀನಿ. ಇವತ್ತೊಂದು ದಿನ ಯಂತ್ರ ಹಿಡಿದಿಟ್ಕೋತೀನಿ. ನಾಳೆ ನನ್ನ ಕೈಲಿಲ್ಲ."

ಮನೆಗೆ ಬಂದಾಗ ಮಾವ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಕಲ್ಲಿನ ಚೂರುಗಳನ್ನಿಟ್ಟುಕೊಂಡು ಬೆರಳಲ್ಲೇ ವಿಂಗಡಿಸುತ್ತಿದ್ದರು. ಅವಳು ಚಪ್ಪಲಿ ಬಿಟ್ಟವಳು ಬ್ಯಾಗೂ ಇಳಿಸದೆ ಎದುರಿಗೆ ಕೂತಳು. ಇಳಿಸಿದರೆ ಧೈರ್ಯವೂ ಇಳಿದೀತು ಅನ್ನಿಸಿತು.

"ಮಾವ, ಆ ಪದರಗಳು ತೊರೆ ಕಡೆಗೆ ವಾಲಿವೆ. ಒಳಕ್ಕಲ್ಲ. ನಿಮ್ಮ ಬಂಡೆ ಜಾರಿ ಬಂದಿದ್ದು."

ಮಾವನ ಬೆರಳು ನಿಂತವು. "ಕಡಿತದ ಉದ್ದಕ್ಕೂ ಹಾಗೇ ಇದೆಯಾ?"

"ಹೂಂ."

"ಮರಗಳು?"

"ಬುಡದಲ್ಲಿ ಬಾಗಿವೆ."

"ನೀರು ಒಸರತ್ತಾ?"

"ಬಂಡೆ ಹಿಂದೆ, ಉದ್ದಕ್ಕೂ."

ಮಾವ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ, ಅವಳು ಎಣಿಸಿಯೇ ಇರದ ಹಾಗೆ, ನಕ್ಕರು. "ಅದಕ್ಕೇ ತೊರೆ ಅಲ್ಲಿ ಸುತ್ತಿಕೊಂಡು ಹೋಗೋದು. ಬಂಡೆ ಬಂದು ತಳ್ಳಿದೆ ಅದನ್ನ. ಅಯ್ಯೋ ಮಂಕೇ, ಅಲ್ಲೇ ಕೂತು ಬುತ್ತಿ ತಿಂದಿದೀನಿ, ಕಣ್ಣಿದ್ದಾಗಲೇ ಕಾಣಲಿಲ್ಲವಲ್ಲ ನಂಗೆ." ಅವರ ದನಿಯಲ್ಲಿ ನೋವಿತ್ತು, ಆದರೆ ಅದಕ್ಕಿಂತ ಹೆಚ್ಚಾಗಿ ಒಂದು ಹುರುಪಿತ್ತು. ಇಷ್ಟಕ್ಕಾಗಿ ಇಷ್ಟೆಲ್ಲ ಹೆದರಿದೆನೇ ಎಂದು ಅವಳ ಕಣ್ಣು ತುಂಬಿಬಂದವು.

ಆಗ ಅವರು ಕೇಳಿದರು. "ಹಾಗಾದ್ರೆ ಅವತ್ತು ನೀರು ಹಾಕಲೇ ಇಲ್ವಾ ನೀನು?"

"ಹಾಕಿದ್ದೆ ಮಾವ. ತೊರೆ ಕಡೆಗೇ ಬಂತು."

"ಬಂದಿದ್ದನ್ನ ನೋಡಿಯೂ ಹಾಗೆ ಹೇಳಿದ್ಯಾ?"

"ಹೂಂ."

"ಯಾಕಮ್ಮ?"

"ನಿಮಗೆ ನೋವಾಗತ್ತೆ ಅಂತ," ಅಂದಳು. ಅದು ಅರ್ಧ ಸತ್ಯ ಎಂದು ಅವಳಿಗೇ ಗೊತ್ತಿತ್ತು. ಇನ್ನರ್ಧವನ್ನೂ ಹೇಳಿದಳು. "ಸುಸ್ತಾಗಿತ್ತು ಮಾವ. ಹೇಳಿದ್ರೆ ಎಲ್ಲಾ ವಿವರಿಸಬೇಕಿತ್ತು. ನಂಗೆ ಆಗ್ತಿರಲಿಲ್ಲ."

ಮಾವ ತಲೆಯಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಅವಳೂ ಎರಡು ಮಾತು ಆಡಿ ಹಗುರಾಗುತ್ತಿದ್ದಳು. "ಕಲ್ಲಿನ ವಿಷಯದಲ್ಲಿ ತಪ್ಪೋದು ನಮ್ಮ ಕಸುಬಲ್ಲಿ ಇದ್ದದ್ದೇ. ಇನ್ನೊಬ್ಬರು ಬರ್ತಾರೆ, ತಿದ್ದುತಾರೆ," ಎಂದು ಶುರು ಮಾಡಿದವರು ಮುಂದಿನದನ್ನು ಹೇಳಲಿಲ್ಲ. "ಎಂಜಿನಿಯರ್‌ಗೆ ಫೋನಲ್ಲಿ ಅಗಿ ಅಂದವನು ನಾನು. ಅವನಿಗೆ ಬರೆದು ಕೊಡ್ಬೇಕು. ಹಾಳೆ ತಗೋ."

ಅವರು ಹೇಳಿದರು, ಅವಳು ಬರೆದಳು. ಎಡದಂಡೆಯ ಬಂಡೆಯನ್ನು ತಳಬಂಡೆಯೆಂದು ನಾನು ಬರೆದದ್ದು ತಪ್ಪು. ಅದು ಜಾರಿ ಬಂದ ತುಂಡು. ಅದರ ಬುಡ ಅಗೆಯಕೂಡದು. ಆ ಕಣಿವೆಯ ನನ್ನ ನಕ್ಷೆಯನ್ನು ಇನ್ನು ಯಾರೂ ಆಧಾರವಾಗಿ ಇಟ್ಟುಕೊಳ್ಳಬಾರದು. ಒಂದು ಪದಕ್ಕೂ ತಡವರಿಸಲಿಲ್ಲ, ಒಂದು ಸಾಲನ್ನೂ ಮೆತ್ತಗೆ ಮಾಡಲಿಲ್ಲ.

"ಓದು."

ಓದಿದಳು.

ಮಾವ ಅಡುಗೆಮನೆಯ ಕಡೆ ತಿರುಗಿ ಮಗನನ್ನು ಕರೆದರು. ಪಾತ್ರೆ ತೊಳೆಯುತ್ತಿದ್ದವನು ಕೈ ಒರೆಸಿಕೊಳ್ಳುತ್ತ ಬಂದ.

"ಇದರಲ್ಲಿ ಏನು ಬರೆದಿದೆ, ಓದು."

"ಇವಳು ಈಗ ಓದಿದ್ಲಲ್ಲಪ್ಪ, ಅಲ್ಲೀವರೆಗೂ ಕೇಳಿಸ್ತು."

"ನೀನು ಓದು."

ಗಂಡ ಹೆಂಡತಿಯ ಮುಖ ನೋಡಿದ. ಅವಳು ಹಾಳೆಯನ್ನು ಅವನ ಕಡೆಗೆ ಚಾಚಿದಳು. ಅವನು ಓದಿದ. ಅವಳು ಓದಿದ್ದೇ, ಅಕ್ಷರಕ್ಕೆ ಅಕ್ಷರ. ಮಾವ ಕಣ್ಣು ಮುಚ್ಚಿಕೊಂಡು ಕೊನೆಯ ಪದದವರೆಗೂ ಕೇಳಿ, ಸರಿ ಎಂದು ತಲೆಯಾಡಿಸಿ, ಮಗನತ್ತ ಕೈ ಚಾಚಿದರು.

"ಸಹಿ ಎಲ್ಲಿ ಹಾಕ್ಬೇಕು, ಬೆರಳು ಇಟ್ಟು ತೋರಿಸೋ."

ಪೆನ್ನು ಸೊಸೆಯ ಕೈಯಲ್ಲಿತ್ತು. ಅವಳು ಅದನ್ನು ಗಂಡನಿಗೆ ಕೊಟ್ಟಳು.