ಒಂದು ಬಾಗಿಲಿಗೆ ನಾಲ್ಕು ನಂಬರು

"ಮಾವ, ಮತ್ತೆ ವಾಪಸ್ ಕಳಿಸಿದ್ರು. ನಮ್ಮ ಪುಟ್ಟಿ ಒಬ್ಬಳಲ್ಲವಂತೆ, ಇಬ್ಬರಂತೆ!"

ಸೊಸೆ ಹೊಸ್ತಿಲಲ್ಲೇ ಕುಸಿದು ಕೂತಳು. ಒಂದು ಕೈಯಲ್ಲಿ ಕಾಗದಗಳ ಚೀಲ, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಮಗಳು. ಬಡಗಿ ಅಜ್ಜ ಗರಗಸ ಕೆಳಗಿಟ್ಟರು.

"ಇಬ್ಬರಾ? ಒಬ್ಬಳನ್ನ ಹಿಡಿಯೋದೇ ನಮಗೆ ಸಾಕಾಗಿದೆ!"

"ನಗಬೇಡಿ ಮಾವ. ಹುಟ್ಟಿದ ಸರ್ಟಿಫಿಕೇಟಲ್ಲಿ ಮನೆ ನಂಬರು ಹದಿನೇಳು, ಆಸ್ಪತ್ರೆ ಕಂಪ್ಯೂಟರಲ್ಲಿ ನಲವತ್ತೊಂದು. ಅದು ಬೇರೆ ಮಗು, ಇದು ಬೇರೆ ಮಗು ಅಂತಾರೆ. ಎರಡೂ ಒಂದೇ ಅಂತ ಪುರಸಭೆಯಿಂದ ಬರೆಸ್ಕೊಂಡು ಬನ್ನಿ ಅಂತಾರೆ ಆಸ್ಪತ್ರೆಯವರು. ಪುರಸಭೆಯವರು, ಮೊದಲು ಆಸ್ಪತ್ರೆಯಿಂದ ಬರೆಸ್ಕೊಂಡು ಬಾ ಅಂತಾರೆ."

ಅಜ್ಜನ ನಗು ಅಲ್ಲಿಗೇ ನಿಂತಿತು. ಪುಟ್ಟಿಗೆ ಕಿವಿ ಸರಿಯಾಗಿ ಕೇಳಿಸದು. ಬೆನ್ನ ಹಿಂದೆ ಸುತ್ತಿಗೆ ಬಡಿದರೂ ತಿರುಗುವ ಮಗುವಲ್ಲ. ಕಿವಿಗೆ ಯಂತ್ರ ಹಾಕಿಸಿ, ಬೇಗ ಹಾಕಿಸಿದಷ್ಟೂ ಮಾತು ಬೇಗ ಬರುತ್ತದೆ ಎಂದಿದ್ದರು ವೈದ್ಯರು. ಅಳತೆ ತೆಗೆಯುವವರು ಬರುವುದು ತಿಂಗಳ ಕೊನೆಗೆ. ಅವರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ್ತೆ ಆರು ತಿಂಗಳು ಕಾಯಬೇಕು.

ಅಜ್ಜ ಎದ್ದು ಹೋಗಿ ಬಾಗಿಲ ಚೌಕಟ್ಟು ನೋಡಿದರು. ತಮ್ಮ ಕೈಯಾರೆ ಮಾಡಿದ ಚೌಕಟ್ಟು. ಅದರ ಮೇಲೆ ಬಿಳಿ ಬಣ್ಣದಲ್ಲಿ ಹದಿನೇಳು, ಅದು ಪುರಸಭೆಯದು. ಹಸಿರಲ್ಲಿ ನಲವತ್ತೊಂದು, ಆಸ್ಪತ್ರೆಯದು. ಕೆಂಪಲ್ಲಿ ಎಂಟು, ನೀರಿನವರದು. ನೀಲಿಯಲ್ಲಿ ಇನ್ನೂರ ಮೂರು, ಕರೆಂಟಿನವರದು. ಬಂದಬಂದವರೆಲ್ಲ ತಮ್ಮ ತಮ್ಮ ಕುಂಚ ಆಡಿಸಿ ಹೋಗಿದ್ದರು.

ಮೂರನೇ ದಿನ, ಅಜ್ಜ ಮರಗೆಲಸ ಮಾಡುವ ಕೊಟ್ಟಿಗೆಗೆ ಒಬ್ಬ ಹೆಣ್ಣುಮಗಳು ಬಂದಳು. ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಹಾಳೆ. ಸರ್ಕಾರದ ಕಡೆಯಿಂದ ಬೀದಿಬೀದಿ ಸುತ್ತಿ, ಯಾವ ಕಾಗದಕ್ಕೆ ಯಾವ ಕಚೇರಿಗೆ ಎಷ್ಟು ಸಲ ಹೋಗಿದ್ದಿರಿ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಜನ ಅವಳನ್ನು ನಕ್ಷೆ ಮೇಡಂ ಎನ್ನುತ್ತಿದ್ದರು.

"ಬನ್ನಿ, ಬನ್ನಿ," ಎಂದರು ಅಜ್ಜ. "ನೀವು ಯಾವ ಬಣ್ಣ?"

"ನಾನು ನಂಬರು ಬರೆಯೋಳಲ್ಲ ಅಜ್ಜ."

"ಹಾಗಾದ್ರೆ ಕಂಪ್ಯೂಟರಿನವರೋ? ಕಂಪ್ಯೂಟರ್ ಬಂತು, ಎಲ್ಲ ಸಲೀಸು ಅಂತ ಡಂಗುರ ಹೊಡೆದ್ರಿ. ಮೊದಲು ಒಂದು ಕ್ಯೂ ಇತ್ತು, ಈಗ ಎರಡಾಗಿದೆ. 'ಸರ್ವರ್ ಡೌನ್' ಅನ್ನೋ ಮಾತು ಕೇಳದೆ ಇರೋಳು ಈ ಮನೇಲಿ ಪುಟ್ಟಿ ಒಬ್ಬಳೇ."

ಮೇಡಂ ಮುಖ ಸಣ್ಣದಾಯಿತು. ಆದರೂ ಜಾಗ ಬಿಡಲಿಲ್ಲ. "ನೀವು ಹೇಳೋದು ನಿಜ ಅಜ್ಜ. ಅದಕ್ಕೇ ಬಂದಿದ್ದು. ಇದನ್ನ ಸ್ವಲ್ಪ ನೋಡ್ತೀರಾ?" ಎಂದು ಹಾಳೆಯನ್ನು ಅಜ್ಜನ ಕೆಲಸದ ಮೇಜಿನ ಮೇಲೆ ಬಿಚ್ಚಿದಳು.

ನಕ್ಷೆ ಕಂಡರೆ ಬಡಗಿಯ ಕಣ್ಣು ಸುಮ್ಮನಿರುತ್ತದೆಯೇ? ಹಾಳೆ ಸುತ್ತಿಕೊಳ್ಳದಂತೆ ಅಜ್ಜ ನಾಲ್ಕು ಮೂಲೆಗೂ ಉಳಿ ಇಟ್ಟು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದು ಬಗ್ಗಿದರು. ಒಂದೊಂದು ಕಚೇರಿಗೂ ಒಂದೊಂದು ಚೌಕ. ಅವುಗಳ ನಡುವೆ ಹೋಗಿಬರುವ ಗೆರೆಗಳು. ಅಜ್ಜ ಒಂದು ಗೆರೆಯ ಬೆನ್ನು ಹಿಡಿದರು, ಇನ್ನೊಂದನ್ನು ಹಿಡಿದರು.

"ಅಲ್ಲಮ್ಮಾ, ಒಂದು ಗೆರೆಯಾದ್ರೂ ನೆಟ್ಟಗೆ ಆ ಚೌಕದಿಂದ ಈ ಚೌಕಕ್ಕೆ ಹೋಗಿಲ್ಲ. ಎಲ್ಲಾ ನಡುವೆ ಇರೋ ಈ ಬೊಂಬೆ ಮೂಲಕವೇ ಸುತ್ತಿ ಹೋಗ್ತವೆ. ಯಾರಿದು?"

"ನಿಮ್ಮ ಸೊಸೆ, ಅಜ್ಜ. ಮೊನ್ನೆ ಆಸ್ಪತ್ರೆ ಕ್ಯೂನಲ್ಲಿ ಅವರೇ ಬರೆಸಿದ್ದು."

ಅಜ್ಜನ ಪೆನ್ಸಿಲು ಅಲ್ಲೇ ನಿಂತಿತು. ಬಾಗಿಲ ಬಳಿ ಸೊಸೆ ಪುಟ್ಟಿಗೆ ಊಟ ಮಾಡಿಸುತ್ತಿದ್ದಳು. ಅವಳ ಚಪ್ಪಲಿಯ ಹಿಮ್ಮಡಿ ಸವೆದು ಹಾಳೆಯಂತಾಗಿತ್ತು. ಕಚೇರಿಗೂ ಕಚೇರಿಗೂ ನಡುವೆ ತಂತಿ ಇರಲಿಲ್ಲ, ಈ ಹೆಣ್ಣುಮಗಳ ಕಾಲುಗಳಿದ್ದವು!

ಅಜ್ಜ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿ ಹೇಳಿದರು: "ಒಂದ್ಸಲ ಶಾಲೆಗೆ ಬೀರು ಮಾಡೋಕೆ ಮೂವರು ಬಡಗಿಗಳು ಸೇರಿದ್ವಿ. ಪೆಟ್ಟಿಗೆ ನಂದು, ಬಾಗಿಲು ಒಬ್ಬಂದು, ಡ್ರಾಯರು ಇನ್ನೊಬ್ಬಂದು. ಒಂದಕ್ಕಿಂತ ಒಂದು ಚೆಂದ. ಜೋಡಿಸಿದ್ರೆ ಬಾಗಿಲು ಮುಚ್ಚಲಿಲ್ಲ, ಡ್ರಾಯರು ತೆರೀಲಿಲ್ಲ. ನಕ್ಷೇನೇ ಬರೆದಿರಲಿಲ್ಲ. ಮೂವರ ಟೇಪೂ ಬೇರೆ ಬೇರೆ."

"ಅಷ್ಟೇ ಅಜ್ಜ, ನಮ್ಮಲ್ಲೂ ಆಗಿದ್ದು ಅದೇ. ಪ್ರತಿ ಕಚೇರಿನೂ ಒಳ್ಳೇ ಕಂಪ್ಯೂಟರೇ ತಂತು. ಎಲ್ಲಾ ಸೇರಿ ಒಂದೇ ಮನೆ ಅಂತ ಯಾರೂ ನಕ್ಷೆ ಬರೀಲಿಲ್ಲ. ಈಗ ಬರೀತಿದ್ದೀವಿ. ಓದಿದೋರು ಇದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತ ಬಾಯಿ ತುಂಬೋ ಹೆಸರಿಟ್ಟಿದ್ದಾರೆ. ವಿಷಯ ಇಷ್ಟೇ. ಮನೆ ನಂಬರು ಪುರಸಭೆ ಹತ್ರ ಮಾತ್ರ ಇರಬೇಕು, ಹುಟ್ಟಿದ ದಿನ ಜನನ ನೋಂದಣಿಯವರ ಹತ್ರ. ಬೇಕಾದ ಕಚೇರಿ ಅವರನ್ನೇ ಕೇಳಬೇಕು, ನಿಮ್ಮನ್ನಲ್ಲ."

"ಅಂದ್ರೆ ಎಲ್ಲರೂ ನಮ್ಮನೆ ಪಾತ್ರೆಗೆ ಇಣುಕಿ ನೋಡಬಹುದು ಅಂತಾಯ್ತು!"

"ಇಲ್ಲ. ಯಾರಿಗೆ ಎಷ್ಟು ಬೇಕೋ ಅಷ್ಟೇ, ಅದೂ ನೀವು ಹೂಂ ಅಂದ್ಮೇಲೆ. ಯಾರು ನೋಡಿದ್ರು ಅಂತ ನಿಮ್ಮ ಫೋನಿಗೇ ಮೆಸೇಜು ಬರುತ್ತೆ."

"ಒಂದು ಕಡೆ ತಪ್ಪು ಬಿದ್ರೆ? ಎಲ್ಲಾ ಕಡೆ ತಪ್ಪೇ ತಾನೆ?"

"ಹೌದು ಅಜ್ಜ, ಆ ಅಪಾಯ ಇದೆ," ಎಂದು ಮೇಡಂ ಒಪ್ಪಿಕೊಂಡಳು. "ಆದ್ರೆ ತಿದ್ದೋದೂ ಒಂದೇ ಕಡೆ. ಅದಕ್ಕೇ ಜನ ತಮ್ಮ ವಿವರ ನೋಡಿ, ಸರಿ ಅಂತ ಹೇಳಬೇಕು. ಈ ತಿಂಗಳು ನಿಮ್ಮ ಬೀದಿಯಿಂದಲೇ ಶುರು. ಹದಿನೇಳು ಉಳೀಲಿ, ಮಿಕ್ಕಿದ್ದು ಹೆರೆದುಹಾಕಿ."

"ಕೆಲಸ ಆಗ್ಲಿ ತಾಯಿ, ಆಮೇಲೆ ಹೆರೆಯೋಣ," ಎಂದರು ಅಜ್ಜ. ಅಷ್ಟು ಸುಲಭಕ್ಕೆ ಸೋಲುವ ಕುಳವೇ ಅದು? ಆದರೂ ಸಂಜೆ ತಾವೇ ಮೇಡಂ ಜೊತೆ ಬೀದಿ ಸುತ್ತಿ, ಮನೆಮನೆಯ ನಂಬರು ಸರಿನೋಡಿಸಿದರು.

ಎರಡು ವಾರ ಕಳೆಯಿತು. ಸೊಸೆ ಮತ್ತೆ ಆಸ್ಪತ್ರೆಗೆ ಹೋದಳು. ಅಜ್ಜ ಒಂದು ಕುರ್ಚಿಯ ಕಾಲು ಕೂರಿಸಿ ಮುಗಿಸಿರಲಿಲ್ಲ, ಅಷ್ಟರಲ್ಲಿ ತಿರುಗಿ ಬಂದಳು.

"ಇಷ್ಟು ಬೇಗನಾ? ವಾಪಸ್ ಕಳಿಸಿದ್ರಾ?"

"ಇಲ್ಲ ಮಾವ, ಆಯ್ತು!"

"ಏನಾಯ್ತು?"

"ಎಲ್ಲಾ ಆಯ್ತು. ಸರ್ಟಿಫಿಕೇಟಿನ ನಂಬರು ಕೇಳಿದ್ರು, ನಿಮ್ಮ ವಿವರ ಪುರಸಭೆಯಿಂದಲೇ ತರಿಸಿ ನೋಡಬಹುದಾ ಅಂದ್ರು, ಹೂಂ ಅಂದೆ. ಪುಟ್ಟಿ ಹೆಸರು ಪಟ್ಟಿಗೆ ಸೇರ್ತು. ಈ ಚೀಲ ಬಿಚ್ಚಲೇ ಇಲ್ಲ ಮಾವ!"

ನೋಡಿ, ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥದೊಂದು ಚೀಲ ಇರಬೇಕಲ್ಲವೇ? ಇವತ್ತೇ ಕೆಳಗಿಳಿಸಿ. ಹೆಸರು, ಹುಟ್ಟಿದ ದಿನ, ಮನೆ ನಂಬರು ಎಲ್ಲದರಲ್ಲೂ ಒಂದೇ ತೆರನಾಗಿವೆಯೇ ನೋಡಿ, ತಪ್ಪಿದ್ದರೆ ಅದರ ಮೂಲ ಕಚೇರಿಯಲ್ಲೇ ತಿದ್ದಿಸಿ. ನಕ್ಷೆ ಬರೆಯುವವರು ಬಾಗಿಲಿಗೆ ಬಂದರೆ ಬೈದು ಕಳಿಸಬೇಡಿ. ಬೈಯಲೇಬೇಕಿದ್ದರೆ ಒಂದೆರಡು ಮಾತು ಬೈದು, ಆಮೇಲೆ ನೀವು ಸುತ್ತಿದ ಸುತ್ತನ್ನೆಲ್ಲ ಒಂದೂ ಬಿಡದೆ ಹೇಳಿ. ನಡೆದವರು ಬಾಯಿ ಬಿಟ್ಟರೆ ತಾನೇ ದಾರಿ ನೆಟ್ಟಗಾಗುವುದು? ಒಪ್ಪಿಗೆ ಕೇಳಿದಾಗ ಮಾತ್ರ, ಯಾರಿಗೆ, ಯಾತಕ್ಕೆ ಎಂದು ತಿಳಿದುಕೊಂಡೇ ಹೂಂ ಅನ್ನಿ.

ತಿಂಗಳ ಕೊನೆಗೆ ಪುಟ್ಟಿಯ ಕಿವಿಯ ಅಳತೆ ತೆಗೆದರು. ಸ್ವಲ್ಪ ದಿನಕ್ಕೆ ಯಂತ್ರವೂ ಬಂತು. ಅದನ್ನು ಹಾಕಿಸಿಕೊಂಡು ಬಂದ ದಿನ ಸೊಸೆ ಕೇಳಿದಳು, "ಮಾವ, ಈಗಲಾದ್ರೂ ಹೆರೀತೀರಾ?"

"ಹೆರೆಯದೆ ಇರ್ತೀನಾ? ಕೊಟ್ಟ ಮಾತು."

ಅಜ್ಜ ಉಳಿ ಹಿಡಿದು ಬಾಗಿಲಿಗೆ ಹೋದರು. ಪುಟ್ಟಿ ಬೆನ್ನು ತಿರುಗಿಸಿ ಕೂತು ಮರದ ಚೂರು ಜೋಡಿಸುತ್ತಿದ್ದಳು. ಹಸಿರು ನಲವತ್ತೊಂದರ ಮೇಲೆ ಉಳಿ ಕರಕರ ಎಂದಿತು.

ಪುಟ್ಟಿ ತಿರುಗಿ ನೋಡಿದಳು.