ಧಣಿ ತಿಳಿದು ಕೊಟ್ಟದ್ದು

ಮಸ್ಕತ್ತಿನ ಶಾಲೆಗೆ "ಈ ಸಂಬಳಕ್ಕೆ ನಾನು ಬರುವುದಿಲ್ಲ" ಎಂದು ಹರಿಣಾಕ್ಷಿ ಖಡಾಖಂಡಿತವಾಗಿ ಹೇಳಿ ಬಂದ ಸಂಜೆ, ಅವಳ ಅಪ್ಪ ಲೋಕನಾಥ ಅನ್ನದ ತಟ್ಟೆ ಮುಟ್ಟದೆ ಕೂತುಬಿಟ್ಟ.

"ಎಂತ ಮಾಡಿದಿ ಮಾರಾಯ್ತಿ? ಕೊಡುವವರ ಹತ್ರ ಚೌಕಾಸಿ ಮಾಡುದಾ?"

"ಚೌಕಾಸಿ ಅಲ್ಲ ಅಪ್ಪ. ನ್ಯಾಯ ಕೇಳಿದೆ."

"ನ್ಯಾಯ ಕೇಳ್ಲಿಕ್ಕೆ ಅದೇನು ಕಲ್ಯಾಣ್ ಕೋರ್ಟಾ?"

ನ್ಯಾಯವಲ್ಲದೆ ಮತ್ತೇನು! ಇಂಗ್ಲಿಷ್ ಎಂ.ಎ., ಅದೂ ಫಸ್ಟ್ ಕ್ಲಾಸ್. ಬಿ.ಎಡ್. ಸಾಲದ್ದಕ್ಕೆ ಬಳೆ ಮಾರಿ ಮಾಡಿಕೊಂಡ ವಿದೇಶಿ ಸರ್ಟಿಫಿಕೇಟು. ಮುಂಬಯಿ ಬಗಲಿನ ಡೊಂಬಿವಿಲಿಯ ಶಾಲೆಯಲ್ಲಿ ಗಂಟಲು ಹರಿದುಕೊಂಡ ಹನ್ನೊಂದು ವರ್ಷ ಬೇರೆ. ಮಸ್ಕತ್ತಿನವರು ಸ್ಕೈಪಿನಲ್ಲಿ ಅವಳ ಪಾಠ ನೋಡಿ ಹೊಗಳಿದ್ದೇ ಹೊಗಳಿದ್ದು. ಹೊಗಳಿ ಕೊಟ್ಟದ್ದು ಮಾತ್ರ ಅಸಿಸ್ಟೆಂಟ್ ಟೀಚರ್ ಹುದ್ದೆ. ಅದೇ ಕ್ಲಾಸು, ಅದೇ ಮಕ್ಕಳು, ಅದೇ ಪುಸ್ತಕ. ಇಂಗ್ಲೆಂಡಿನ ಪಾಸ್‌ಪೋರ್ಟ್ ಇದ್ದವರು ಟೀಚರ್, ಇವಳು ಅಸಿಸ್ಟೆಂಟ್, ಸಂಬಳ ಅವರ ಅರ್ಧ. ಅರ್ಧವಾದರೆ ಹಾಳಾಗಿ ಹೋಗಲಿ ಎಂದು ಅವಳು ಹೊರಟುಬಿಡುತ್ತಿದ್ದಳೇನೋ. ಆದರೆ ಆ ಶಾಲೆ ಹೆತ್ತ ಮಕ್ಕಳನ್ನು ಜೊತೆಗೆ ಕರೆತರಲು ವೀಸಾ ಮಾಡಿಸಿ ಕೊಡುತ್ತಿದ್ದುದು ಟೀಚರ್ ದರ್ಜೆಯವರಿಗೆ ಮಾತ್ರ. ಅಸಿಸ್ಟೆಂಟ್ ಆದವಳು ಒಂಟಿಯಾಗಿ ಬರಬೇಕು, ಒಂಟಿಯಾಗಿ ಇರಬೇಕು.

ಮಗಳು ಮಾನಸಿಗೆ ಇನ್ನೂ ಆರು. ಅವಳಪ್ಪ ಯೋಗೀಶ್ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದು ಸತ್ತ ಮೇಲೆ, ಘಣಸೋಲಿಯಿಂದ ಅತ್ತೆ ಜಲಜಾಕ್ಷಿಯ ಫೋನು ಒಂದು ಭಾನುವಾರವೂ ತಪ್ಪಿಲ್ಲ. "ನಿನ್ನಿಂದ ಸಾಕ್ಲಿಕ್ಕೆ ಆಗುದಿಲ್ಲ. ಮಗುವನ್ನು ಇಲ್ಲಿ ಬಿಡು. ನಮ್ಮ ಯೋಗೀಶನ ರಕ್ತ ಅದು." ಒಮ್ಮೆ ಬಿಟ್ಟರೆ ಮಗು ತಿರುಗಿ ಕೈಗೆ ಬರುವುದಿಲ್ಲವೆಂದು ಹರಿಣಾಕ್ಷಿಗೆ ಚೆನ್ನಾಗಿ ಗೊತ್ತಿತ್ತು. ಅದರ ಮೇಲೆ ಈ ಏಪ್ರಿಲಿನಲ್ಲಿ ಡೊಂಬಿವಿಲಿಯ ಶಾಲೆಯೂ ಹೊಸ ಹುಡುಗಿಯರು ಕಮ್ಮಿಗೆ ಸಿಗುತ್ತಾರೆಂದು ಅವಳನ್ನು ಕೈಬಿಟ್ಟಿತು. ಅಪ್ಪ ಶಹಾಡಿನ ಹೋಟೆಲಿನ ಗಲ್ಲಾದಲ್ಲಿ ಕೂತು ತರುವುದು ಮನೆ ಬಾಡಿಗೆಗೇ ಸರಿಹೋಗುತ್ತಿತ್ತು. ಕೆಲಸವಿಲ್ಲದ ಸೊಸೆಯ ಬಾಗಿಲಿಗೆ ಜಲಜಾಕ್ಷಿ ಬಂದು ನಿಂತರೆ ಇಲ್ಲವೆನ್ನಲು ಯಾವ ಬಾಯಿ?

ಆದರೂ ಆ ದಿನ ಅವಳ ಎದೆಯಲ್ಲಿ ಒಂದಿಷ್ಟು ಧೈರ್ಯವಿತ್ತು. ಮಸ್ಕತ್ತಿನ ಶಾಲೆಯ ಪ್ರಿನ್ಸಿಪಾಲ್ ಹ್ಯಾರಿಯೆಟ್ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ್ದಳು: "ನೀನು ಕೇಳುತ್ತಿರುವುದು ಸರಿ. ಬೋರ್ಡಿನವರ ಜೊತೆ ನಾನು ಜಗಳವಾಡುತ್ತೇನೆ. ಗುರುವಾರ ಮಾತಾಡೋಣ. ಅಲ್ಲಿಯವರೆಗೆ ಏನನ್ನೂ ಒಪ್ಪಬೇಡ."

ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿದಳು. ಅವನ ತಲೆಗೆ ಹೋದರೆ ತಾನೆ! ಮೂವತ್ತು ವರ್ಷ ಒಂದೇ ಹೋಟೆಲಿನಲ್ಲಿ ದುಡಿದವನು, ಒಂದು ಸಲವೂ ಬಾಯಿಬಿಟ್ಟು ಸಂಬಳ ಕೇಳಿದವನಲ್ಲ. ಅವರಲ್ಲಿ ಕೇಳುವ ಪದ್ಧತಿಯೇ ಇಲ್ಲ. ಕೆಲಸಕ್ಕೆ ಸೇರುವಾಗ ಕೈ ಮುಗಿದು "ಧಣಿ, ನೀವು ತಿಳಿದು ಕೊಡಿ" ಅನ್ನಬೇಕು, ದೀಪಾವಳಿಗೆ ಧಣಿ ಕರೆದು ಎಷ್ಟೆಂದು ಹೇಳಿದರೆ ತಲೆಯಾಡಿಸಬೇಕು. ಕೇಳಿದವನು ಧಣಿಯನ್ನು ನಂಬದವನು. ಕೇಳಿದ ಒಬ್ಬಿಬ್ಬರ ಹಾಸಿಗೆ ಮರುದಿನವೇ ಫುಟ್‌ಪಾತಿಗೆ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಬುಧವಾರ ಬೆಳಿಗ್ಗೆ ಲೋಕನಾಥ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡ. ವಾಶಿಯಲ್ಲಿ ಊರಿನವರೊಬ್ಬರ ಬೊಜ್ಜದ ಊಟ ಎಂದ. ಸಾವಿನ ಊಟಕ್ಕೆ ಹೋಗುವವನು ಬನ್ಸಿನ ಪೊಟ್ಟಣ ಯಾಕೆ ಹಿಡಿದುಕೊಂಡಿದ್ದಾನೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ!

ಗುರುವಾರ ಅಪ್ಪ, ಮಗಳು, ಮೊಮ್ಮಗಳು ಮೂವರೂ ಮಹಾಪೆಗೆ ಹೋದರು. ಅಲ್ಲಿ ಐಟಿ ಪಾರ್ಕಿನ ಬಗಲಿಗೇ ಭುಜಂಗನ ಆಫೀಸು. ಗಲ್ಫಿಗೆ ಜನ ಕಳಿಸುವ ಏಜೆಂಟ್ ಅವನು; ಮಸ್ಕತ್ತಿನ ಕೆಲಸದ ಮಾತುಕತೆಯೆಲ್ಲ ಅವನ ಮೂಲಕವೇ. ಲೋಕನಾಥನ ಊರು ಕಾರ್ಕಳದ ಕಡೆಯವನೇ. ಮಾನಸಿಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಹರಿಣಾಕ್ಷಿ ಲ್ಯಾಪ್‌ಟಾಪಿನ ಮುಂದೆ ಸೆರಗು ಸರಿಮಾಡಿಕೊಂಡಳು. ಪರದೆಯ ಮೇಲೆ ಹ್ಯಾರಿಯೆಟ್ ಬಂದಳು. ಮುಖ ಬಾಡಿತ್ತು.

"ಮಂಗಳವಾರ ಸಂಜೆಯೇ ಬೋರ್ಡ್ ಒಪ್ಪಿತ್ತು," ಎಂದಳು ಅವಳು. "ಟೀಚರ್ ದರ್ಜೆ, ಪೂರ್ತಿ ಸಂಬಳ, ಮಗುವಿನ ವೀಸಾ, ಎಲ್ಲಾ. ನಿನ್ನೆ ಮಧ್ಯಾಹ್ನ ನಿನ್ನ ಏಜೆಂಟ್ ಬರೆದ, ನೀನು ಹಳೆಯ ಷರತ್ತಿಗೇ ಒಪ್ಪಿದ್ದೀಯಂತೆ ಎಂದು. ಮತ್ತೆ ಬೋರ್ಡ್ ನನ್ನ ಮಾತು ಕೇಳುತ್ತದೆಯೇ? ಆ ಟೀಚರ್ ಹುದ್ದೆಯನ್ನು ಬೇರೆಯವರಿಗೆ ಕೊಟ್ಟಾಯಿತು. ಯಾಕೆ ಒಪ್ಪಿದೆ?"

ಹರಿಣಾಕ್ಷಿ ಕತ್ತು ಹೊರಳಿಸಿ ಭುಜಂಗನನ್ನು ನೋಡಿದಳು.

"ನನ್ನನ್ನು ಎಂತಕ್ಕೆ ನೋಡ್ತೀರಿ?" ಎಂದು ಅವನು ಕುರ್ಚಿ ಹಿಂದಕ್ಕೆ ತಳ್ಳಿದ. "ನಿಮ್ಮ ತಂದೆಯೇ ನಿನ್ನೆ ಬನ್ಸಿನ ಪೊಟ್ಟಣ ಹಿಡ್ಕೊಂಡು ಬಂದು ಕೈ ಮುಗಿದ್ರು. ಮಗಳ ಮಾತು ಮನಸ್ಸಿಗೆ ಹಾಕ್ಕೊಳ್ಬೇಡಿ, ಅವರು ತಿಳಿದು ಕೊಟ್ಟದ್ದು ಸಾಕು ಅಂದ್ರು. ನೀವೇ ಕಳಿಸಿದ್ದು ಅಂತ ನಾನು ತಿಳ್ಕೊಂಡೆ."

ಲೋಕನಾಥನಿಗೆ ಇಂಗ್ಲಿಷ್ ಅರ್ಥವಾಗಿರಲಿಲ್ಲ. ಅವನು ಪರದೆಯ ಕಡೆ ಬಗ್ಗಿ, "ನಮಸ್ತೆ ಮೇಡಂ, ಥ್ಯಾಂಕ್ ಯೂ ಮೇಡಂ," ಎಂದ. ಆಮೇಲೆ ಮಗಳತ್ತ ತಿರುಗಿದ. "ಆಯ್ತಲ್ಲ ಮಗಾ? ಕೆಲಸ ಕೊಟ್ರಲ್ಲ?"

ಎದುರಿಗಿದ್ದವನು ಅಪ್ಪನಲ್ಲದೆ ಬೇರೆ ಯಾರೇ ಆಗಿದ್ದರೂ ಹರಿಣಾಕ್ಷಿ ಕಪಾಳಕ್ಕೆ ಬಾರಿಸುತ್ತಿದ್ದಳು. ಪರದೆಯ ಕಡೆ ತಿರುಗಿ ಅಂಗಲಾಚಿದಳು, ಅಪ್ಪನಿಗೆ ತಿಳಿಯದೆ ಆದದ್ದು ಎಂದಳು, ಇನ್ನೊಂದು ಸಲ ಕೇಳಿ ನೋಡಿ ಎಂದಳು. ಅಷ್ಟು ಚೆನ್ನಾದ ಇಂಗ್ಲಿಷ್ ಅವಳ ಬಾಯಲ್ಲಿ ತೊದಲುತ್ತಿತ್ತು. ಹ್ಯಾರಿಯೆಟ್ ಕಣ್ಣು ಕೆಳಗೆ ಹಾಕಿದಳು. ಅಸಿಸ್ಟೆಂಟ್ ಆಗಿ ಬರುತ್ತೀಯೋ ಇಲ್ಲವೋ, ಇವತ್ತೇ ಹೇಳಬೇಕು ಎಂದಳು.

"ಮಮ್ಮೀ," ಮಾನಸಿ ಅವಳ ತೋಳು ಜಗ್ಗಿದಳು. "ಮೈಂ ಭೀ ಜಾ ರಹೀ ಹೂಂ ನಾ?" ತಾನೂ ಹೋಗುತ್ತೇನಲ್ಲವೇ ಎಂದು ಅವಳ ಪ್ರಶ್ನೆ.

"ಬರುವುದಿಲ್ಲ," ಎಂದು ಹರಿಣಾಕ್ಷಿ ಹ್ಯಾರಿಯೆಟ್‌ಗೆ ಹೇಳಿ ಲ್ಯಾಪ್‌ಟಾಪ್ ಮುಚ್ಚಿದಳು. ಆಮೇಲೆ ಅಪ್ಪನಿಗೆ ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡದೆ. "ಕೊಟ್ಟಾಗಿತ್ತು ಅಪ್ಪ. ನಾನು ಕೇಳಿದ್ದೆಲ್ಲಾ ಕೊಟ್ಟಾಗಿತ್ತು. ನೀವು ಹೋಗಿ ಬೇಡ ಅಂದು ಬಂದಿರಿ. ಇನ್ನು ಇವಳನ್ನು ಘಣಸೋಲಿಗೆ ನೀವೇ ಬಿಟ್ಟು ಬನ್ನಿ." ಹೇಳುತ್ತಿದ್ದ ಹಾಗೆಯೇ ಅವಳಿಗೆ ದುಃಖ ಒತ್ತರಿಸಿ ಬಂತು.

ಥಾಣೆ ಸ್ಟೇಷನ್ನಿನಲ್ಲಿ ಕಲ್ಯಾಣದ ಗಾಡಿಗೆ ಕಾಯುವಾಗ ಲೋಕನಾಥ ಮೊಮ್ಮಗಳ ಕೈ ಹಿಡಿದುಕೊಂಡು ಹಳಿಗಳನ್ನೇ ನೋಡುತ್ತಿದ್ದ. ಎರಡು ಗಾಡಿ ಬಂದು ಹೋದವು. ಮೂವರೂ ಹತ್ತಲಿಲ್ಲ.

"ನಾಳೆ ಧಣಿ ಹತ್ರ ಕೇಳ್ತೇನೆ," ಎಂದ ಕೊನೆಗೆ.

"ಏನನ್ನು?"

"ಸಂಬಳ. ನಂದು. ಇವಳನ್ನು ಸಾಕುವಷ್ಟು." ಮೊಮ್ಮಗಳ ಕೈ ಬಿಟ್ಟು ಮಗಳತ್ತ ತಿರುಗಿದ. "ಹೇಗೆ ಕೇಳುದು ಅಂತ ನಂಗೆ ಗೊತ್ತಿಲ್ಲ ಮಗಾ. ನೀನು ಹೇಳಿಕೊಡು."

ಅವಳಿಗೆ ಅವನ ಮುಖ ನೋಡಲು ಮನಸ್ಸಿರಲಿಲ್ಲ. ಆದರೂ ಎದುರಿಗೆ ಬಂದು ನಿಂತಳು. "ನಾನೇ ಧಣಿ ಅಂತ ತಿಳ್ಕೊಳ್ಳಿ. ಕೇಳಿ."

ಲೋಕನಾಥನ ಎರಡೂ ಕೈ ತಾವಾಗಿಯೇ ಜೋಡಿಕೊಂಡವು. ಅವಳು ಅವನ್ನು ಹಿಡಿದು ಬಿಡಿಸಿ ಕೆಳಕ್ಕೆ ಇಳಿಸಿದಳು.

"ಧಣಿ, ನನಗೆ..." ಎಂದ ಅವನು. ಮತ್ತೆ ಶುರುಮಾಡಿದ. "ಧಣಿ, ನನಗೆ ತಿಂಗಳಿಗೆ..." ಅಷ್ಟರಲ್ಲಿ ಅವನ ತಲೆ ತಗ್ಗಿತು. "ನೀವು ತಿಳಿದು ಕೊಡಿ," ಎಂದುಬಿಟ್ಟ. ಹೇಳಿದ್ದು ಕಿವಿಗೆ ಬಿದ್ದದ್ದೇ, ಅಷ್ಟು ಜನರ ನಡುವೆ ಮುದುಕ ಬಿಕ್ಕಿ ಬಿಕ್ಕಿ ಅತ್ತ.

ಹರಿಣಾಕ್ಷಿ ಅವನ ಗದ್ದ ಹಿಡಿದು ಮುಖ ಮೇಲಕ್ಕೆತ್ತಿದಳು.

"ಇನ್ನೊಮ್ಮೆ ಹೇಳಿ," ಎಂದಳು.