"ಬಾಗಿಲಲ್ಲೇ ಇದ್ದೀನಿ" ಅಂದ ಸುಳ್ಳು

ಬೆಳಗಿನ ಎಂಟೂವರೆ ಬಸ್ಸಿನ ಕಷ್ಟ ನಿಮಗೆ ಹೇಳಬೇಕಿಲ್ಲ. ಒಂಟಿ ಕಾಲಲ್ಲಿ ನಿಲ್ಲಬೇಕು, ಇಳಿಯುವಷ್ಟರಲ್ಲಿ ಮೈಮೇಲಿನ ಬಟ್ಟೆ ಹಿಂಡಿದ ಹಾಗೆ ಆಗಿರುತ್ತದೆ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಕೈ ನಡುಗಿದರೆ ಗಾಜಿನ ಅಂಚು ಒಡೆಯುತ್ತದೆ. ಬಸ್ಸಿನ ಕಂಬಿ ಹಿಡಿದು ಬಂದ ಕೈ ಅರ್ಧ ಗಂಟೆಯಾದರೂ ಹತೋಟಿಗೆ ಬರುತ್ತಿರಲಿಲ್ಲ.

ನಮ್ಮ ಅಂಗಡಿಯ ಕ್ಯಾಷಿಯರಕ್ಕ ಒಂದು ದಿನ ನನ್ನ ಫೋನು ಕಿತ್ತುಕೊಂಡಳು.

"ಷೇರ್ ಟ್ಯಾಕ್ಸಿ ಆ್ಯಪ್ ಹಾಕ್ಕೊಡ್ತೀನಿ. ಒಂದೇ ದಾರೀಲಿ ಹೋಗೋ ಎರಡು ಮೂರು ಜನಕ್ಕೆ ಒಂದೇ ಕಾರು. ಬಾಡಿಗೆ ಹಂಚಿ ಹೋಗುತ್ತೆ."

"ಹೆದರಿಕೆ ಆಗಲ್ವಾ ಅಕ್ಕ?"

"ಹತ್ತೋ ಮುಂಚೆ ನಂಬರ್ ಪ್ಲೇಟ್ ನೋಡು, ಡ್ರೈವರ್ ಫೋಟೋ ನೋಡು. ಅದು ನಿನ್ನ ಕಾರೇ ಅಂತ ಗೊತ್ತಾದ ಮೇಲೇನೇ ಓಟಿಪಿ ಹೇಳು. ಈ ಗುಂಡಿ ಒತ್ತಿದ್ರೆ ನೀನೆಲ್ಲಿದ್ದೀಯ ಅಂತ ಮನೇಲಿ ಕಾಣುತ್ತೆ. ಮತ್ತೆ ಕೇಳಿಲ್ಲಿ, ಕಾರು ಬರೋಷ್ಟರಲ್ಲಿ ನೀನು ಗೇಟ್ ಹತ್ರ ಇರ್ಬೇಕು. ಒಳಗೆ ಬೇರೆಯವರೂ ಕೂತಿರ್ತಾರೆ."

ಕೊನೆಯ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಮನೆಯಲ್ಲಿ ಅತ್ತೆ ತಕರಾರು ತೆಗೆದರು. "ಗುರುತಿಲ್ಲ ಪರಿಚಯ ಇಲ್ಲ, ಅವರ ಪಕ್ಕ ಕೂತ್ಕೊಂಡು ಹೋಗ್ತೀಯಾ? ಎಂಥವರಿರ್ತಾರೋ ಏನೋ!"

ಫೋಟೋ, ನಂಬರು, ನಕ್ಷೆ ಎಲ್ಲ ತೋರಿಸಿ ಒಪ್ಪಿಸಿದೆ. ಆದರೆ ಕಾರಿನ ವಿಷಯದಲ್ಲಿ ನಮ್ಮ ಮನೆಗೆ ಒಂದು ಗತ್ತು ಇತ್ತು. ತೀರಿಕೊಂಡ ನಮ್ಮ ಮಾವ ಒಬ್ಬ ಸಾಹುಕಾರರ ಕಾರು ಓಡಿಸುತ್ತಿದ್ದವರು. "ನಿಮ್ಮ ಮಾವ ಮೂರು ಗಂಟೆ ಬೇಕಾದ್ರೂ ಕಾಯೋರು. ಕಾಯೋದೇ ಡ್ರೈವರ್ ಕೆಲಸ" ಎಂದು ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಹಾಗಾಗಿ ಕಾರು ಬಂದು ಹಾರ್ನ್ ಹೊಡೆಯುವ ತನಕ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಮೊದಲೇ ಹೋಗಿ ನಿಂತರೆ ಮರ್ಯಾದೆ ಕಡಿಮೆಯಂತೆ! ಈಗ ಬರೆಯುವಾಗ ನನಗೇ ಅಸಹ್ಯವಾಗುತ್ತದೆ.

ಹೀಗೇ ಒಂದು ದಿನ ಎಂಟು ಇಪ್ಪತ್ತೈದಕ್ಕೆ ಕಾರು ಬಂತು. ನಾನಿನ್ನೂ ತಲೆ ಬಾಚುತ್ತಿದ್ದೆ. ಡ್ರೈವರ್ ಫೋನು ಮಾಡಿದ.

"ಬಾಗಿಲಲ್ಲೇ ಇದ್ದೀನಿ, ಬಂದೆ" ಅಂದೆ.

ಅತ್ತೆ ಚಹಾ ತಂದಿಟ್ಟರು. "ಕುಡ್ಕೊಂಡು ಹೋಗು, ಕಾಯ್ಲಿ ಬಿಡು." ಕುಡಿದೆ. ಮತ್ತೆ ಫೋನು ಬಂತು. "ಬಾಗಿಲಲ್ಲೇ ಇದ್ದೀನಿ ಕಣಪ್ಪಾ!" ಎಂದು ರೇಗಿದೆ. ಆಗ ಲೋಟ ನನ್ನ ಕೈಯಲ್ಲೇ ಇತ್ತು.

ಹನ್ನೊಂದು ನಿಮಿಷ ತಡವಾಗಿ ಕಾರು ಹತ್ತಿದೆ. ಹಿಂದಿನ ಸೀಟಿನಲ್ಲಿ ಐವತ್ತು ದಾಟಿದ ಒಬ್ಬರು ಕೂತಿದ್ದರು. ಉಗುರ ಸಂದಿಯಲ್ಲೆಲ್ಲ ಗೋಡೆಯ ಬಣ್ಣ, ಮಡಿಲಲ್ಲಿ ದಿಂಬು, ನಡುವೆ ಒಂದು ಚೀಲ. ನಾನು ಕ್ಷಮಿಸಿ ಅನ್ನಲಿಲ್ಲ. "ಚೀಲ ಸ್ವಲ್ಪ ಆ ಕಡೆ ಇಟ್ಕೊಳ್ಳಿ" ಅಂದೆ. ಇಟ್ಟುಕೊಂಡರು.

"ಒಂಬತ್ತರ ಒಳಗೆ ಆಸ್ಪತ್ರೆ ಮುಟ್ತೀವಾ?" ಎಂದು ಅವರು ಡ್ರೈವರನ್ನು ಕೇಳಿದರು. ಡ್ರೈವರ್ ವೇಗ ಹೆಚ್ಚಿಸಿದ. ಎರಡು ಸಿಗ್ನಲ್ಲು ಕೆಂಪಾದವು. ಅವರು ಮತ್ತೆ ಅದನ್ನೇ ಕೇಳಿದರು. ಈ ಮನುಷ್ಯನಿಗೇನು ಅವಸರ ಎಂದುಕೊಂಡು ನಾನು ಫೋನು ಉಜ್ಜುತ್ತಾ ಕೂತೆ.

ಆಸ್ಪತ್ರೆಯ ಮುಂದೆ ಕಾರು ನಿಂತಾಗ ಒಂಬತ್ತು ಗಂಟೆ ಐದು ನಿಮಿಷ. ಅವರು ದಿಂಬು ಅವುಚಿಕೊಂಡು ಓಡಿದರು. ಚೀಲ ಸೀಟಿನಲ್ಲೇ ಉಳಿಯಿತು. ನಮ್ಮ ಅಂಗಡಿ ಆಸ್ಪತ್ರೆಯ ಎದುರಿಗೇ. ಇಳಿಯುತ್ತಿದ್ದ ನನ್ನ ಕೈಗೆ ಡ್ರೈವರ್ ಚೀಲ ಕೊಟ್ಟ.

"ಕೊಟ್ಟು ಬನ್ನಿ ಮೇಡಂ. ಅವರ ಹೆಂಡ್ತಿಗೆ ಒಂಬತ್ತಕ್ಕೆ ಆಪರೇಷನ್. ಒಳಗೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ಮುಖ ನೋಡ್ಬೇಕಿತ್ತು."

"ಹಾಗಿದ್ರೆ ನನ್ನ ಬಿಟ್ಟು ಹೋಗ್ಬೇಕಿತ್ತಲ್ಲಪ್ಪ!"

"ಹೊರಡೋಣ್ವಾ ಅಂತ ಅವರನ್ನೇ ಕೇಳ್ದೆ. 'ಬಾಗಿಲಲ್ಲೇ ಇದ್ದೀನಿ ಅಂದ್ರಲ್ಲ, ಪಾಪ, ಹೆಣ್ಮಗಳು, ಕಾಯೋಣ' ಅಂದ್ರು."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗುರುತಿಲ್ಲದವರು ಎಂಥವರೋ ಎಂದು ಅತ್ತೆ ಹೆದರಿದ್ದರು. ಆ ಕಾರಿನಲ್ಲಿ ನಂಬಬಾರದವಳು ಒಬ್ಬಳೇ ಇದ್ದಳು, ಅದು ನಾನು.

ಆಪರೇಷನ್ ಥಿಯೇಟರ್ ಎಲ್ಲೆಂದು ಕೇಳಿಕೊಂಡು ಹೋದೆ. ಮೂರನೇ ಮಹಡಿಯಲ್ಲಿ ಅವರು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದರು. ನರ್ಸಮ್ಮ ಮೆಲ್ಲಗೆ ಹೇಳುತ್ತಿದ್ದಳು: "ಈಗಷ್ಟೇ ಕರ್ಕೊಂಡು ಹೋದ್ರು. ನಿಮ್ಮ ಹೆಂಡ್ತಿ ಎರಡು ಸಲ ಕೇಳಿದ್ರು, ನಮ್ಮನೆಯವರು ಬಂದ್ರಾ ಅಂತ."

ನಾನು ಅಂಗಡಿಗೆ ಹೋಗಲಿಲ್ಲ. ಅವರ ಪಕ್ಕದ ಬೆಂಚಿನಲ್ಲಿ ಚೀಲ ಹಿಡಿದು ಕೂತೆ. ಮಧ್ಯಾಹ್ನ ಒಂದಕ್ಕೆ ಡಾಕ್ಟರು ಹೊರಗೆ ಬಂದು, ಚೆನ್ನಾಗಿ ಆಯಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಆಮೇಲೆಯೇ ನಾನು ಬಾಯಿ ಬಿಟ್ಟೆ.

"ಅಣ್ಣ, ನಾನು ಬಾಗಿಲಲ್ಲಿ ಇರ್ಲಿಲ್ಲ. ಒಳಗೆ ಚಹಾ ಕುಡೀತಿದ್ದೆ."

"ಗೊತ್ತಮ್ಮ. ಎರಡನೇ ಸಲ ಫೋನು ಮಾಡಿದಾಗ ಕಾರಿಂದ ನಿಮ್ಮ ಕಿಟಕಿ ಕಾಣ್ತು, ಇನ್ನೇನು ಬರ್ತೀರಿ ಅಂದ್ಕೊಂಡೆ" ಅಂದರು. ನನ್ನ ಕೈಯಿಂದ ಚೀಲ ತೆಗೆದುಕೊಂಡು, "ಅವಳು ಎದ್ದ ಮೇಲೆ ಟ್ರಾಫಿಕ್ ಅಂತೀನಿ. ನೀವು ಮನೆಗೆ ಹೋಗಿ" ಅಂದರು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ನನ್ನ ತಪ್ಪು ಮುಚ್ಚಲು ಅವರು ಹೆಂಡತಿಯ ಹತ್ತಿರ ಸುಳ್ಳು ಹೇಳಬೇಕಾಯಿತು.

ಸಂಜೆ ಅತ್ತೆಗೆ ಎಲ್ಲ ಹೇಳಿದೆ. "ನಿಮ್ಮ ಮಾವನೂ ಕಾಯ್ತಿದ್ರು ಅಂತ ದೊಡ್ಡದಾಗಿ ಹೇಳ್ತಿದ್ದೆ. ಊಟ ಬಿಟ್ಟು ಕಾಯ್ತಿದ್ರು ಕಣೇ. ಅದನ್ನ ಯಾವತ್ತೂ ಹೇಳ್ಲೇ ಇಲ್ಲ" ಅಂದರು. ಮಂಡಿ ನೋವಿನ ಚಿಕಿತ್ಸೆಗೆ ಈಗ ಅವರೂ ಷೇರ್ ಟ್ಯಾಕ್ಸಿಯಲ್ಲೇ ಹೋಗುತ್ತಾರೆ. ಐದು ನಿಮಿಷ ಮುಂಚೆಯೇ ಗೇಟಿನ ಹತ್ತಿರ ನಿಂತು, "ಬೇಗ ಬಾರೇ, ಯಾರೋ ಏನೋ ಕೂತಿರ್ತಾರೆ" ಎಂದು ನನ್ನನ್ನೇ ಗದರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ಹಂಚಿಕೊಂಡು ಹೋಗುವ ಟ್ಯಾಕ್ಸಿ ಒಳ್ಳೆಯದು. ಧೈರ್ಯವಾಗಿ ಬಳಸಿ. ನಂಬರು ನೋಡಿ ಹತ್ತಿ, ಎಲ್ಲಿದ್ದೀರೆಂದು ಮನೆಯವರಿಗೆ ತಿಳಿಸಿ. ತಯಾರಾದ ಮೇಲೆಯೇ ಬುಕ್ ಮಾಡಿ, ಕಾರು ಬರುವ ಮುಂಚೆ ಹೊರಗೆ ನಿಲ್ಲಿ. ತಡವಾಗುವುದಾದರೆ ನಿಜ ಹೇಳಿ, ಇಲ್ಲವೇ ಬುಕಿಂಗ್ ರದ್ದು ಮಾಡಿ ಅವರನ್ನು ಹೋಗಲು ಬಿಡಿ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನ್ನದು ಹಾಗಾಯಿತು. ಕೆಟ್ಟಿದ್ದು ನನ್ನ ಬೆಳಗಾಗಿದ್ದರೆ ಹೋಗಲಿ ಅನ್ನಬಹುದಿತ್ತು, ಇನ್ನೊಬ್ಬರದು ಕೆಟ್ಟಿತು. ನೀವು ನನ್ನ ಹಾಗೆ ತಲೆ ತಗ್ಗಿಸಿ ಕಲಿಯಬೇಡಿ, ಇದನ್ನು ಓದಿಯೇ ಕಲಿಯಿರಿ.